ಮೊಣಕಾಲಿನ ಹತ್ತು ಸೊನ್ನೆಗಳು

ರೀ,

ಅಕ್ಕನ ಮನೆಗೆ ಹೊರಟಿದ್ದೇನೆ, ಸಂಜೆ ಬರುತ್ತೇನೆ. ಅಡುಗೆ ಒಲೆಯ ಮೇಲಿದೆ. ಮೊಣಕಾಲು ನೋವಿನ ಸಂಶೋಧನೆಯವರು ಕೊಟ್ಟ ಹೊಸ ಮಾತ್ರೆ ನಿಮ್ಮ ಹೊಲಿಗೆ ಮೆಷಿನ್ ಮೇಲಿದೆ, ಊಟವಾದ ಮೇಲೆ ಮರೆಯದೆ ನುಂಗಿ.

ದಿನದಿನದ ನೋವು ಎಷ್ಟೆಂದು ಬರೆದಿಡಲು ಅವರು ಕೊಟ್ಟ ಪುಸ್ತಕ ಪಕ್ಕದಲ್ಲೇ ಇತ್ತು, ಅದನ್ನೂ ತೆರೆದು ನೋಡಿದೆ, ಬೈಯಬೇಡಿ. ಹತ್ತು ದಿನವೂ "ನೋವು: ಸೊನ್ನೆ" ಅಂತ ಬರೆದಿದ್ದೀರಿ. ಹಾಗಾದರೆ ನಿನ್ನೆ ಮೆಟ್ಟಿಲ ಮೇಲೆ "ಅಯ್ಯೋ ಅಮ್ಮಾ" ಅಂದವರು ಪಕ್ಕದ ಮನೆಯವರೇ?

ಕೇಳಿದರೆ ಏನನ್ನುತ್ತೀರಿ ಅಂತ ಗೊತ್ತು. "ಪಾಪ, ಆ ಡಾಕ್ಟರಮ್ಮ ಎಷ್ಟು ಚೆನ್ನಾಗಿ ಮಾತಾಡಿಸ್ತಾರೆ, ಅವರ ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಹೇಗೆ ಬರೀಲಿ?" ದಾಕ್ಷಿಣ್ಯಕ್ಕೆ ಬಸುರಾಗುವುದು ಅಂದರೆ ಇದೇ. ನನ್ನ ಅಡುಗೆಗೆ ಒಂದು ದಿನವಾದರೂ ಇಷ್ಟು ದಾಕ್ಷಿಣ್ಯ ತೋರಿಸಿದ್ದೀರಾ?

ಹಳೆಯದನ್ನು ಅಳಿಸಬೇಡಿ. ಇವತ್ತೇ ಆ ಡಾಕ್ಟರಮ್ಮನಿಗೆ ಫೋನ್ ಮಾಡಿ ನಿಜ ಹೇಳಿಬಿಡಿ. ಇನ್ನು ಮೇಲೆ ಕಾಲು ಹೇಳಿದ್ದನ್ನು ಬರೆಯಿರಿ, ನೀವು ಹೇಳಬೇಕೆಂದುಕೊಂಡದ್ದನ್ನಲ್ಲ.

ಬಟ್ಟೆ ತರಲು ಮಹಡಿ ಹತ್ತಬೇಡಿ, ನಾನೇ ಬಂದು ನಿಧಾನಕ್ಕೆ ಹತ್ತುತ್ತೇನೆ.

ನಿಮ್ಮ ಸೊನ್ನೆಗಳನ್ನು ನಂಬಿ ನಾಳೆ ಇದೇ ಮಾತ್ರೆಯನ್ನು ಎಲ್ಲರಿಗೂ ಕೊಟ್ಟಾರು. ಆ ಸಾಲಿನಲ್ಲಿ ಮೊದಲು ನಿಲ್ಲುವವಳು ನಾನು. ನನ್ನ ಮೊಣಕಾಲಿಗೆ ನಿಮ್ಮಷ್ಟು ದಾಕ್ಷಿಣ್ಯವಿಲ್ಲ.