ಅತ್ತೆಯ ಮಾತಿಗೆ ಮೊದಲ ಸ್ಥಾನ

ಅತ್ತೆಯವರಿಗೆ,

ನಿಮ್ಮ ಸೊಸೆಯ ನಮಸ್ಕಾರ. ನೀವು ಮುನಿಸಿಕೊಂಡು ಮಗಳ ಮನೆಗೆ ಹೋದಿರಿ. ಆ ದಿನದ ಮಾತು ಹಾಗಿರಲಿ. ಇಲ್ಲೊಂದು ಸಂಗತಿ ನಡೆದಿದೆ, ಬೇರೆಯವರು ಹೇಳುವ ಮೊದಲು ನಾನೇ ಹೇಳುತ್ತೇನೆ.

ಮನೆ ರಿಪೇರಿಯ ಬಗ್ಗೆ ನಾನು ಬ್ಲಾಗ್ ಬರೆಯುವುದು ನಿಮಗೆ ಗೊತ್ತು. ‘ಕೊಳವೆಗಳ ನಿರ್ವಹಣೆ’ ಎಂದು ಘನವಾದ ತಲೆಬರಹ ಕೊಟ್ಟಿದ್ದೆ, ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಜನ ಗೂಗಲ್‌ನಲ್ಲಿ ಯಾವ ಮಾತಿನಿಂದ ಹುಡುಕುತ್ತಾರೋ ಅದೇ ಮಾತು ನಮ್ಮ ಬರಹದಲ್ಲೂ ಇರಬೇಕಂತೆ, ಅದಕ್ಕೆ ಕೀವರ್ಡ್ ಎನ್ನುತ್ತಾರೆ. ತಲೆ ಕೆರೆದುಕೊಳ್ಳುತ್ತಾ ಕೂತಿದ್ದಾಗ ಅಡುಗೆಮನೆಯಿಂದ ನಿಮ್ಮ ದನಿ ಕೇಳಿಸಿದಂತಾಯಿತು: “ಸಿಂಕಲ್ಲಿ ನೀರು ಕಟ್ಕೊಂಡಿದೆ, ಇಳೀತಾನೇ ಇಲ್ಲ, ಕಣ್ಣು ಕಾಣಲ್ವೇನೇ ನಿಂಗೆ?”

ಕಣ್ಣಿನ ವಿಷಯ ಬಿಟ್ಟು ಉಳಿದದ್ದನ್ನು ಹಾಗೆಯೇ ತಲೆಬರಹಕ್ಕೆ ಹಾಕಿದೆ. ಈಗ ಯಾರು ಹುಡುಕಿದರೂ ನಮ್ಮ ಬ್ಲಾಗೇ ಮೊದಲು! ನಿಮ್ಮ ಮಗನ ಆಫೀಸಿನವರೂ ಅದನ್ನು ಓದಿಯೇ ಸಿಂಕು ಸರಿಮಾಡಿಕೊಂಡರಂತೆ. “ಆ ಮಾತು ನಮ್ಮತ್ತೇದು” ಎಂದು ಎದೆಯುಬ್ಬಿಸಿ ಹೇಳಿದೆ.

ಬರುವಾಗ ನಿಮ್ಮ ಕನ್ನಡಕ ಮರೆಯಬೇಡಿ, ಬ್ಲಾಗಿನ ಅಕ್ಷರ ಸಣ್ಣದು. ನಿಮ್ಮ ಕೋಣೆಯ ಫ್ಯಾನು ಈಚೆಗೆ ಏನೋ ಹೊಸ ಸದ್ದು ಮಾಡುತ್ತಿದೆ. ರಿಪೇರಿ ನನಗೆ ಗೊತ್ತು. ಅದಕ್ಕೆ ಏನೆಂದು ಬೈಯಬೇಕೋ, ಅದು ನಿಮಗೇ ಗೊತ್ತು.

ದಾರಿ ಕಾಯುತ್ತಿರುವ,
ನಿಮ್ಮ ಸೊಸೆ