ಲಿಫ್ಟ್ ಚಾವಣಿಯ ಕಿಂಡಿ

ಜೂನ್ ೧೮, ಮಂಗಳವಾರ

ಬಲ ಸೊಂಟ ಇನ್ನೂ ನೋಯುತ್ತಿದೆ. ನೋಯಲಿ, ಇವತ್ತು ಗೆದ್ದಿದ್ದೇನೆ.

ಎರಡು ತಿಂಗಳ ಹಿಂದೆ ಲಿಫ್ಟ್ ಚಾವಣಿಯ ಕಿಂಡಿಯಲ್ಲಿ ನನ್ನ ಹೊಟ್ಟೆ ಸಿಕ್ಕಿಕೊಂಡು, ಇಬ್ಬರು ಕಾಲು ಹಿಡಿದು ಕೆಳಗೆಳೆದಿದ್ದರು. "ಇನ್ನೊಂದ್ಸಲ ಹೀಗಾದ್ರೆ ಆಫೀಸಲ್ಲಿ ಕೂತು ಫೋನ್ ಎತ್ಕೊಂಡಿರಿ," ಎಂದಿದ್ದರು ಮೇಲ್ವಿಚಾರಕರು. ಇಪ್ಪತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಕೈ ಫೋನ್ ಎತ್ತುವುದೇ?

ಅಂದಿನಿಂದ ಕರಿದದ್ದು ಬಂದ್. ಡಬ್ಬಿಯಲ್ಲಿ ಅನ್ನ ಅರ್ಧ. ಉಳಿದರ್ಧ ಸೋರೆಕಾಯಿ, ಎಲೆಕೋಸು, ಸೊಪ್ಪು. ಸಂಜೆ ಎರಡು ಬಾಳೆಹಣ್ಣಿನ ಜಾಗಕ್ಕೆ ಕಲ್ಲಂಗಡಿ ಹೋಳು. "ದನಕ್ಕೂ ಇಷ್ಟು ಸೊಪ್ಪು ಹಾಕಲ್ಲ ರೀ," ಎನ್ನುತ್ತಲೇ ಹೆಂಡತಿ ಹೆಚ್ಚಿಕೊಡುತ್ತಾಳೆ.

ಇವತ್ತು ಅದೇ ಕಿಂಡಿ. ಮೇಲ್ವಿಚಾರಕರು ಕೆಳಗೆ ಕತ್ತೆತ್ತಿ ನಿಂತಿದ್ದರು. ಭುಜ ದಾಟಿತು, ಎದೆ ದಾಟಿತು, ಹೊಟ್ಟೆಯೂ ದಾಟಿತು ಅಂದುಕೊಳ್ಳುವಷ್ಟರಲ್ಲಿ ಗಕ್ಕನೆ ನಿಂತೆ.

"ನಾ ಹೇಳ್ಲಿಲ್ವೇನ್ರೀ?" ಎಂದಿತು ಕೆಳಗಿನ ದನಿ.

ಒಂದು ಕೈ ಕೆಳಗಿಳಿಸಿ ತಡಕಿದೆ. ಅಡ್ಡ ಬಂದದ್ದು ಹೊಟ್ಟೆಯಲ್ಲ! ಹಸಿವಾದರೆ ತಿನ್ನಲಿ ಎಂದು ಹೆಂಡತಿ ಪ್ಯಾಂಟಿನ ಬಲ ಜೇಬಿಗೆ ತುರುಕಿದ್ದ ಸೌತೆಕಾಯಿ.

ಅದನ್ನು ಎಳೆದು, ಹಲ್ಲಲ್ಲಿ ಕಚ್ಚಿ ಹಿಡಿದು, ಸಲೀಸಾಗಿ ಮೇಲೆ ಹತ್ತಿದೆ. ಕೆಲಸ ಶುರುಮಾಡುವ ಮೊದಲು ಚಾವಣಿಯ ಮೇಲೆ ಕಾಲು ಚಾಚಿ ಕೂತು, ಕೆಳಗಿದ್ದವರಿಗೆ ಚೆನ್ನಾಗಿ ಕೇಳಿಸುವ ಹಾಗೆ ಕಟಕಟನೆ ಕಡಿದು ಮುಗಿಸಿದೆ.