ಮುನಿಯಮ್ಮನ ಕೋಳಿ

ಮೇ 4, ಭಾನುವಾರ
ಸಭೆಯಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತಗೊಂಡು ಈಗ ಬಂದೆ. ಸ್ತ್ರೀಯರ ಕೂಟದಲ್ಲಿ ಹಳೇ ಒಡಂಬಡಿಕೆ, ಹೊಸ ಒಡಂಬಡಿಕೆ ಬಗ್ಗೆ ನಾನೇ ಮಾತಾಡಬೇಕಂತೆ, ಪಾಸ್ಟರ್ ಹೇಳಿದರು. ತಂಗಿ ಮುನಿಯಮ್ಮ ಇವತ್ತೂ ಇಲ್ಲ. ಸಭೆಗೆ ಬರೋದು ಬಿಟ್ಟು ಒಂದೂವರೆ ವರ್ಷ. ಮಾರಮ್ಮನಿಗೆ ಕೋಳಿ ಕುಯ್ಸಿದ್ದಳು. ಪಾಸ್ಟರಿಗೆ ಹೇಳಿದ್ದು ನಾನೇ. ಎಲ್ಲರೆದುರು ತಪ್ಪೊಪ್ಪುವವರೆಗೆ ಭೋಜನವಿಲ್ಲ ಅಂದರು. ಒಪ್ಪಲಿಲ್ಲ, ಎದ್ದು ಹೋದಳು. ನಾನು ಮಾಡಿದ್ದು ಸರಿ.

ಮೇ 8, ಗುರುವಾರ
ಮಾತಾಡಿದೆ. ಹಳೆಯದರಲ್ಲಿ ಮೋಶೆ ಪಶುವಿನ ರಕ್ತ ಚಿಮುಕಿಸಿದ. ಆಜ್ಞೆ ಮುರಿದರೆ ಮತ್ತೆ ಬಲಿ, ಮತ್ತೆ ರಕ್ತ. ಹೊಸದರಲ್ಲಿ ಯೇಸಪ್ಪ ತನ್ನದನ್ನೇ ಕೊಟ್ಟ, ಒಂದೇ ಸಲ, ಸಾಕು. ದೇವರು ನಮ್ಮ ಪಾಪ ಮತ್ತೆ ನೆನೆಸಲ್ಲ ಅಂದೆ. ಮುಂದೆ ಕೂತಿದ್ದ ಚಿಕ್ಕಲಕ್ಷ್ಮಮ್ಮ—
“ದೇವ್ರೇ ಮರ್ತವ್ನೆ ಅಂತೀಯ. ನಿನ್ ತಂಗಿ ಕೋಳಿ ಇನ್ನೂ ನಿನ್ ತಲೇಲಿ ಕೂಗ್ತಾ ಐತಲ್ಲವ್ವ!”
ಎಲ್ಲರೂ ನಕ್ಕರು. ನಂಗೆ ಸಿಟ್ಟು ಬಂತು.

ಮೇ 21, ಬುಧವಾರ
ಮುನಿಯಮ್ಮನ ಮಗಳು ಭಾನುಪ್ರಿಯ ಫೋನ್ ಮಾಡಿದಳು. ಅವ್ವನಿಗೆ ಕಿಡ್ನಿ ಎರಡೂ ಹೋಗಿದೆ, ಕನಕಪುರದ ಆಸ್ಪತ್ರೇಲಿ ಇದ್ದೇವೆ ಅಂದಳು. ಸಾತನೂರಿಂದ ಬಸ್ಸು ಹತ್ತಿ ಹೋದೆ. ಮುನಿಯಮ್ಮನ ಮುಖವೆಲ್ಲ ಊದಿದೆ.
“ಬಂದ್ಯಾ ಅಕ್ಕಯ್ಯ? ಪಾಸ್ಟರ್‌ನ ಕೇಳ್ಕಂಡ್ ಬಂದ್ಯಾ?”
“ಒಂದ್ ಸಲ ತಪ್ಪಾಯ್ತು ಅಂದ್ಬುಡು ಕಣೆ. ಭೋಜನ ಇಲ್ಲಿಗೇ ತತ್ತಾರೆ.”
“ತಪ್ಪು ಅನ್ಸಿದ್ರೆ ಅಂತಿದ್ದೆ.” ಗೋಡೆ ಕಡೆ ತಿರುಗಿಕೊಂಡಳು.
ಹೊರಗೆ ಬಂದ ಮೇಲೆ ಭಾನುಪ್ರಿಯ ಕೈ ಹಿಡಿದಳು.
“ದೊಡ್ಡವ್ವ, ಆ ಕೋಳಿ ನಿಂಗೋಸ್ಕರ. ನಿನ್ನ ಗರ್ಭಕೋಶದ ಆಪ್ರೇಷನ್ನಾದಾಗ ರಕ್ತ ನಿಲ್ತಿಲ್ಲ ಅಂದಿದ್ರಲ್ಲ? ರಾತ್ರಿಯೆಲ್ಲ ಯೇಸಪ್ಪನ್ನ ಬೇಡ್ಕಂಡ್ಲು. ಬೆಳಿಗ್ಗೆ ಭಯ ತಡೀನಾರ್ದೆ ಮಾರಮ್ಮಂಗೂ ಹರಕೆ ಹೊತ್ಲು. ತನಗೋಸ್ಕರ ಅಂತ ಅಕ್ಕಂಗೆ ಗೊತ್ತಾದ್ರೆ ನೊಂದ್ಕತಾಳೆ, ಹೇಳ್ಬೇಡ ಅಂದಿದ್ಲು.”
ವಾರ್ಡಿನೊಳಕ್ಕೆ ಮತ್ತೆ ಹೋಗಲು ಧೈರ್ಯ ಬರಲಿಲ್ಲ. ಬಸ್ಸು ಹತ್ತಿಬಿಟ್ಟೆ... ಯಾಕೆ ಹತ್ತಿದೆನೋ.

ಮೇ 22, ಬೆಳಿಗ್ಗೆ 6
ಪಾಸ್ಟರ್ ಮನೆಗೆ ಹೋಗಿದ್ದೆ. ಅವಳ ಬದಲು ನಾನು ಸಭೆ ಮುಂದೆ ನಿಲ್ತೀನಿ, ಅವಳಿಗೆ ಭೋಜನ ಕೊಡಿ ಅಂದೆ. ಅವರು ರೊಟ್ಟಿ, ದ್ರಾಕ್ಷಾರಸ ಚೀಲಕ್ಕೆ ಹಾಕಿಕೊಂಡರು. ಮೊದಲ ಬಸ್ಸಿಗೆ ಹೊರಟಿದ್ದೇವೆ.

ಮೇ 24
ನಾವು ತಲುಪಿದಾಗ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಮೈ ಇನ್ನೂ ಬೆಚ್ಚಗಿತ್ತು. ನಿನ್ನೆ ಮಣ್ಣಾಯಿತು.

ಜೂನ್ 1, ಭಾನುವಾರ
ಎದ್ದು ನಿಂತೆ. ನನ್ನ ತಪ್ಪು ಹೇಳಿದೆ, ಎಲ್ಲಾ. ಕ್ಷಮೆ ಆಯ್ತು ತಗೊಳ್ಳಮ್ಮ ಅಂತ ಪಾಸ್ಟರ್ ಬಟ್ಟಲು ಚಾಚಿದರು. ಕೈ ಮುಂದಕ್ಕೆ ಹೋಗಲಿಲ್ಲ. ಯೇಸಪ್ಪ ಕ್ಷಮಿಸಿದ್ದಾನೆ. ಅದರಲ್ಲಿ ನಂಗೆ ಅನುಮಾನವೇ ಇಲ್ಲ. ಆದರೆ ಮುನಿ, ನೀನು ಗೋಡೆ ಕಡೆ ತಿರುಗಿದವಳು ಒಂದ್ಸಲಾನೂ ಈ ಕಡೆ ತಿರುಗಲಿಲ್ಲವಲ್ಲೇ.